ಮುಂಜಾನೆ ಮಂಜು ಮತ್ತು ಒಂದು ತಪ್ಪಕ್ಷರ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆಗಿಹೋದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಕೂತು ಬರೆಯೋ ಮನಸ್ಸಿರಲಿಲ್ಲ ಅಷ್ಟೆ. ಇವತ್ತು ಬರೆಯೋದಕ್ಕೆ ಕಾರಣ ನಮ್ಮ ಆಫೀಸಿನ ಒಬ್ಬ ಹುಡುಗ.

ಕಳೆದ ತಿಂಗಳು ನಮ್ಮ ಟೀಮಿನವರೆಲ್ಲ ಒಂದು ದಿನದ ಮಟ್ಟಿಗೆ ನಂದಿ ಬೆಟ್ಟದ ಕಡೆ ಹೋಗಿದ್ವಿ. ಊಟ ಆದ ಮೇಲೆ ಎಲ್ಲ ಕಡೆ ಆಗೋ ಹಾಗೆ ಅಂತ್ಯಾಕ್ಷರಿ ಶುರುವಾಗಿ, ಎಲ್ಲ ಕಡೆ ಆಗೋ ಹಾಗೆ ಜಗಳದಲ್ಲಿ ಮುಗೀತು :-) ಆಮೇಲೆ ಹೊಸದಾಗಿ ಸೇರಿರೋ ಇಂಟರ್ನ್ ಹುಡುಗನೊಬ್ಬ ಗಿಟಾರ್ ತೆಗೆದು ‘ಮುಂಜಾನೆ ಮಂಜಲ್ಲಿ’ ಶುರು ಮಾಡಿದ. ಎರಡನೇ ಸಾಲಿಗೆ ಬರೋ ಹೊತ್ತಿಗೆ ಎಲ್ಲರೂ ಹಾಡ್ತಿದ್ರು. ಕನ್ನಡ ಸರಿಯಾಗಿ ಬಾರದ ನಮ್ಮ ಮ್ಯಾನೇಜರ್ ಕೂಡ ರಾಗ ಎಳೀತಿದ್ರು. ಆ ಹುಡುಗನ್ನ ಕೇಳಿದೆ, “ಈ ಹಾಡು ಬಂದಾಗ ನೀನು ಎಷ್ಟನೇ ಕ್ಲಾಸಪ್ಪಾ?” ಅಂತ. ಲೆಕ್ಕ ಹಾಕಿ, “ಒಂದನೇ ಕ್ಲಾಸು ಇರ್ಬೇಕು ಸಾರ್” ಅಂದ. ಅವನು ‘ಸಾರ್’ ಅಂದಿದ್ದು ಒಂದು ಬೇಜಾರು. ಆದರೆ ಆ ಹಾಡು ಮುಗಿಯೋ ತನಕ ನನ್ನ ಕಿವಿ ಕಾಯ್ತಾ ಇದ್ದದ್ದು ಬೇರೇನನ್ನೋ. ಒಂದು ಪದ. ಅದನ್ನ ಆ ಹುಡುಗ ಸರಿಯಾಗಿ ಹಾಡಿದ. ಸರಿಯಾಗಿ ಹಾಡಿದ್ದು ಕೇಳಿ ನನಗೆ ಏನೋ ಕಮ್ಮಿ ಆದ ಹಾಗೆ ಅನ್ನಿಸ್ತು.

ಯಾಕೆ ಅಂತ ಹೇಳ್ತೀನಿ, ಸ್ವಲ್ಪ ನಿಧಾನಕ್ಕೆ.

ಮೊದಲು ಹಾಡಿನ ವಿಷಯ. ‘ಜಸ್ಟ್ ಮಾತ್ ಮಾತಲ್ಲಿ’ ಸಿನಿಮಾ ಬಂದಿದ್ದು 2010ರಲ್ಲಿ. ಸುದೀಪ್ ಅವರೇ ನಿರ್ದೇಶಕ, ಅವರೇ ನಾಯಕ, ನಾಯಕಿ ರಮ್ಯಾ. 2008ರ ‘ಮುಸ್ಸಂಜೆ ಮಾತು’ ಜೋಡಿ. ಸಂಗೀತ ರಘು ದೀಕ್ಷಿತ್. ಈ ಹಾಡು ಹಾಡಿದ್ದೂ ಅವರೇ. ಸಿನಿಮಾದ ಕತೆ ಏನು ಅಂತ ನನ್ನ ಗೆಳೆಯರನ್ನ ಕೇಳಿ ನೋಡಿದ್ದೀನಿ, ಒಬ್ಬರಾದರೂ ನೆಟ್ಟಗೆ ಹೇಳಿದ್ದು ನೆನಪಿಲ್ಲ. ಹಾಡು ಮಾತ್ರ ಹದಿನೈದು ವರ್ಷ ದಾಟಿದರೂ ಕಾಲೇಜ್ ಡೇಗಳಲ್ಲಿ, ಮದುವೆ ಆರ್ಕೆಸ್ಟ್ರಾಗಳಲ್ಲಿ, ರಾತ್ರಿ ಬಸ್ಸುಗಳಲ್ಲಿ ಹಾಗೇ ಇದೆ.

ರಘು ದೀಕ್ಷಿತ್ ಹುಟ್ಟಿದ್ದು ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಲ್ಲಿ. ಮೈಕ್ರೋಬಯಾಲಜಿ ಎಂಎಸ್ಸಿ, ಅದರಲ್ಲಿ ಚಿನ್ನದ ಪದಕ. ಭರತನಾಟ್ಯ ಕಲಿತವರು. ಕಾಲೇಜಿನಲ್ಲಿ ಯಾರ ಜೊತೆಗೋ ಪಂಥ ಕಟ್ಟಿ ಗಿಟಾರ್ ಕೈಗೆತ್ತಿಕೊಂಡರಂತೆ. ಆಮೇಲೆ ಬೆಲ್ಜಿಯಮ್‌ನಲ್ಲಿ ಕೆಲಸ, ಅಲ್ಲಿಂದ ಕೆಲಸ ಬಿಟ್ಟು ವಾಪಸ್ಸು, ‘ಅಂತರಾಗ್ನಿ’ ಅನ್ನೋ ಬ್ಯಾಂಡು. 2008ರಲ್ಲಿ ಮೊದಲ ಆಲ್ಬಮ್ ಬಂತು. ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ ಕಂಪನಿಯಿಂದ ಅದನ್ನ ತಂದರು. ಶಿಶುನಾಳ ಷರೀಫರ ಪದಗಳು ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆ ಬಂದಾಗ ದೊಡ್ಡವರು ಹುಬ್ಬು ಗಂಟಿಕ್ಕಿದರು, ಹುಡುಗರು ಕುಣಿದರು. ಅದೇ ವರ್ಷ ‘ಸೈಕೋ’ ಅನ್ನೋ ಸಿನಿಮಾಗೆ ಅವರು ಸಂಗೀತ ಕೊಟ್ಟರು. ಆ ಸಿನಿಮಾ ಎಷ್ಟು ಜನ ನೋಡಿದ್ರೋ ಗೊತ್ತಿಲ್ಲ, ಮಾದೇಶ್ವರನ ಹಾಡು ಮಾತ್ರ ಕೇಳದವರು ಇರಲಿಲ್ಲ. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರಿಗೆ ಹೊಸ ಕಲಾವಿದ ಪ್ರಶಸ್ತಿ ಕೊಡ್ತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಮೇಲೆ ನಿಂತ ಆ ಮನುಷ್ಯನ್ನ ನೀವೆಲ್ಲ ನೋಡಿರ್ತೀರಿ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. 2010ರಲ್ಲಿ ನಾನು ಎಂಟನೇ ಕ್ಲಾಸು, ಬೇತಮಂಗಲದಲ್ಲಿ. ನಮ್ಮೂರು ಗೊತ್ತಿಲ್ಲದವರಿಗೆ: ಕೋಲಾರ ಜಿಲ್ಲೆ, ಪಾಲಾರ್ ನದಿ ದಂಡೆ, ಆಗ ಬಂಗಾರಪೇಟೆ ತಾಲ್ಲೂಕು, ಈಗ ಕೆಜಿಎಫ್ ತಾಲ್ಲೂಕು. ಊರಿಗೆ ಹೆಸರು ಬಂದಿರೋದು ಕೆರೆಯಿಂದ. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟು ದುಡ್ಡು ಕೊಟ್ಟರೆ ಹಾಡು ತುಂಬಿಕೊಡೋರು. ಯಾವ ಹಾಡು ಅಂತ ನಾವು ಹೇಳಂಗಿಲ್ಲ. “ಹೊಸಾವು ಕನ್ನಡ, ಹೊಸಾವು ತೆಲುಗು, ಹೊಸಾವು ತಮಿಳು” ಅಂತ ಮೂರು ಫೋಲ್ಡರ್ ಇರ್ತಿತ್ತು, ಅಂಗಡಿಯವನು ಪೂರ್ತಿ ಸುರಿದುಬಿಡೋನು. ನಮ್ಮ ಕಡೆ ಮೂರೂ ಬೇಕು. ನಮ್ಮ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬಸ್ಸು ಹತ್ತಿ ಕೆಜಿಎಫ್‌ಗೆ ಹೋದರೆ ತಮಿಳು. ಯಾವ ಭಾಷೆ ಯಾವಾಗ ಬದಲಾಯ್ತು ಅನ್ನೋದು ನಮಗೇ ಗೊತ್ತಾಗಲ್ಲ.

ಹಾಗೆ ಸುರಿದ ನೂರೈವತ್ತು ಹಾಡುಗಳಲ್ಲಿ ಇದೂ ಒಂದು. ಬೇರೆ ಸಿನಿಮಾ ಹಾಡುಗಳ ಥರ ಇರಲಿಲ್ಲ. ಗಿಟಾರ್ ಮುಂದೆ, ಉಳಿದಿದ್ದೆಲ್ಲ ಹಿಂದೆ. ಹಾಡೋ ದನಿ ಹಿನ್ನೆಲೆ ಗಾಯಕರ ಥರ ನುಣ್ಣಗಿಲ್ಲ, ಪಕ್ಕದ ಮನೆ ಅಣ್ಣ ಟೆರೇಸ್ ಮೇಲೆ ಒಬ್ಬನೇ ನಿಂತು ಹಾಡ್ತಿರೋ ಥರ. ಪ್ರೀತಿ ಅಂದರೆ ಏನು ಅಂತ ಗೊತ್ತಿಲ್ಲದ ವಯಸ್ಸಲ್ಲಿ ನನಗೆ ಆ ಹಾಡಲ್ಲಿ ಅರ್ಥ ಆಗಿದ್ದು ಇಷ್ಟೇ: ಯಾರೋ ಯಾರನ್ನೋ ಹುಡುಕ್ತಾ ಇದ್ದಾನೆ, ಅವರು ಸಿಕ್ಕಿಲ್ಲ.

ಈಗ ಗೆಳೆಯನ ವಿಷಯ.

2014ರಲ್ಲಿ ಕೆಜಿಎಫ್‌ನಲ್ಲೇ ಇಂಜಿನಿಯರಿಂಗ್ ಸೇರಿದೆ. ಮೊದಲ ದಿನ ಪಕ್ಕದಲ್ಲಿ ಕೂತವನು ಚಾಂಪಿಯನ್ ರೀಫ್ಸ್ ಹುಡುಗ. ತಾತ, ಅಪ್ಪ ಇಬ್ಬರೂ ಗಣಿಯಲ್ಲಿ ಕೆಲಸ ಮಾಡಿದವರು. ಭೂಮಿಯೊಳಗೆ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದಿದ್ದ ಗಣಿ ಅದು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಇವನಿಗೆ ನಾಲ್ಕೋ ಐದೋ ವರ್ಷ. ಅಪ್ಪ ಆಮೇಲೆ ದಿನಾ ಬೆಂಗಳೂರಿಗೆ ರೈಲಲ್ಲಿ ಹೋಗಿ ಸೆಕ್ಯುರಿಟಿ ಕೆಲಸ ಮಾಡಿ ಮಗನ್ನ ಓದಿಸಿದರು. ಸಾಲು ಮನೆ, ತಗಡಿನ ಛಾವಣಿ, ಮನೆಯೊಳಗೆ ಗೋಡೆ ಮೇಲೆ ಏಸು, ಅದರ ಕೆಳಗೆ ಮೊಳೆಗೆ ನೇತುಹಾಕಿದ ಗಿಟಾರ್. ಚರ್ಚಿನಲ್ಲಿ ನುಡಿಸೋಕೆ ಅಂತ ಕಲಿತದ್ದು.

ನಾನು ಬೇತಮಂಗಲದವನು ಅಂದ ಕೂಡಲೇ, “ಹಾಗಾದ್ರೆ ನಿಮ್ಮೂರ ನೀರು ಕುಡಿದು ಬೆಳೆದವನು ಮಚ್ಚಾ ನಾನು” ಅಂದ. ನಿಜ. ಬ್ರಿಟಿಷರ ಕಾಲದಲ್ಲೇ ನಮ್ಮ ಕೆರೆಯಿಂದ ಪೈಪು ಹಾಕಿ ಗಣಿ ಕಾಲೋನಿಗಳಿಗೆ ನೀರು ಕೊಟ್ಟಿದ್ದು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂದ ಕತೆ ಎಲ್ಲರೂ ಹೇಳ್ತಾರೆ, ನಮ್ಮೂರ ನೀರಿನ ಕತೆ ನಾವೇ ಹೇಳ್ಕೋಬೇಕು :-)

ಇವನು ಯಾವಾಗಲೂ ನುಡಿಸ್ತಿದ್ದದ್ದು ಒಂದು ಇಂಗ್ಲಿಷ್ ಹಾಡು, ‘ಐರಿಸ್’. ಅಮೆರಿಕದ ಬಫಲೋ ಊರಿನ ‘ಗೂ ಗೂ ಡಾಲ್ಸ್’ ಬ್ಯಾಂಡಿನದು, 1998ರದ್ದು. ಆಲ್ಟರ್ನೇಟಿವ್ ರಾಕ್ ಅನ್ನೋ ಪದ ನಾನು ಕೇಳಿದ್ದೇ ಇವನ ಬಾಯಲ್ಲಿ. ಆ ಹಾಡಿಗೆ ಗಿಟಾರಿನ ತಂತಿಗಳನ್ನ ಬೇರೆಯದೇ ಥರ ಹೊಂದಿಸಬೇಕಂತೆ: ಆರರಲ್ಲಿ ಐದು ತಂತಿ ಒಂದೇ ‘ಡಿ’ ಸ್ವರಕ್ಕೆ, ದಪ್ಪದ ತಂತಿ ಮಾತ್ರ ‘ಬಿ’ಗೆ. ಹಾಗೆ ಬಿಗಿ ಮಾಡೋಕೆ ಹೋಗಿ ಅವನು ತಂತಿ ಕಿತ್ತುಕೊಂಡದ್ದು ಎಷ್ಟು ಸಲವೋ. ರಾಬರ್ಟ್‌ಸನ್‌ಪೇಟೆಯಲ್ಲಿ ಹೊಸ ತಂತಿ ಹುಡುಕಿಕೊಂಡು ನಾನೂ ಜೊತೆಗೆ ಅಲೆದಿದ್ದೀನಿ.

ಆ ಹಾಡಿನ ಕತೆ ನಮ್ಮ ಹಾಡಿನ ಕತೆಗೆ ಎಷ್ಟು ಹತ್ತಿರ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. ಅದೂ ಸಿನಿಮಾಗೆ ಅಂತ ಬರೆದ ಹಾಡೇ. ‘ಸಿಟಿ ಆಫ್ ಏಂಜೆಲ್ಸ್’ ಅನ್ನೋ ಸಿನಿಮಾ, ಮನುಷ್ಯ ಹುಡುಗಿಯನ್ನ ಪ್ರೀತಿಸೋ ದೇವದೂತನ ಕತೆ. ಬರೆದ ಜಾನ್ ರೆಜ್ನಿಕ್‌ಗೆ ಆಗ ಏನೂ ಬರೆಯೋಕೆ ಆಗದೆ ಒದ್ದಾಡ್ತಿದ್ದ ಕಾಲವಂತೆ. ಹೆಸರು ಕೂಡ ಒಂದು ಪತ್ರಿಕೆಯಲ್ಲಿ ಐರಿಸ್ ಡಿಮೆಂಟ್ ಅನ್ನೋ ಗಾಯಕಿಯ ಹೆಸರು ನೋಡಿ ಇಟ್ಟಿದ್ದು, ಹಾಡಲ್ಲಿ ಆ ಪದವೇ ಇಲ್ಲ. ಅಂಗಡಿಯಲ್ಲಿ ಸಿಂಗಲ್ ಆಗಿ ಮಾರಾಟಕ್ಕೆ ಬರಲಿಲ್ಲ ಅನ್ನೋ ಕಾರಣಕ್ಕೆ ಬಿಲ್‌ಬೋರ್ಡಿನ ಮುಖ್ಯ ಪಟ್ಟಿಗೆ ಅದನ್ನ ಸೇರಿಸಿಕೊಳ್ತಿರಲಿಲ್ಲ. ಆದರೆ ರೇಡಿಯೋ ಪಟ್ಟಿಯಲ್ಲಿ 18 ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. 1998ರ ಡಿಸೆಂಬರ್‌ನಲ್ಲಿ ನಿಯಮ ಬದಲಾದಾಗ ಮುಖ್ಯ ಪಟ್ಟಿಗೂ ಬಂತು, ಅಷ್ಟು ಹೊತ್ತಿಗೆ ಬಿಸಿ ಆರಿದ್ದರಿಂದ 9ನೇ ಸ್ಥಾನಕ್ಕೆ ನಿಲ್ತು. ಆ 18 ವಾರದ ದಾಖಲೆ ಮುರಿಯೋಕೆ 2020ರಲ್ಲಿ ‘ಬ್ಲೈಂಡಿಂಗ್ ಲೈಟ್ಸ್’ ಬರಬೇಕಾಯ್ತು. ಆ ಸಿನಿಮಾ ಹೆಸರು ಹೇಳಿದರೆ ಹಾಡು ನೆನಪಾಗುತ್ತೆ, ಹಾಡಿನ ಹೆಸರು ಹೇಳಿದರೆ ಸಿನಿಮಾ ನೆನಪಾಗಲ್ಲ. ಅಲ್ಲೂ ಹಾಗೇ, ಇಲ್ಲೂ ಹಾಗೇ.

ಸರಿ, ವಿಷಯಕ್ಕೆ ಬರ್ತೀನಿ.

2017, ಆರನೇ ಸೆಮಿಸ್ಟರ್. ಕಾಲೇಜ್ ಡೇಗೆ ಮೂರು ವಾರ ಇತ್ತು. ಕ್ಯಾಂಟೀನಲ್ಲಿ ಅವನು ಬಂದು ಕೂತು, “ಮಚ್ಚಾ, ಒಂದು ಕನ್ನಡ ಹಾಡು ಕಲಿಸ್ಕೊಡು. ಈ ಸಲ ಇಂಗ್ಲಿಷ್ ಬೇಡ” ಅಂದ. ಯಾವುದು ಅಂದೆ. ಇದೇ. ಯಾಕೆ ಅಂತ ಕೇಳಲಿಲ್ಲ. ನನಗೆ ಖುಷಿಯೇ ಆಯ್ತು.

ಭಾನುವಾರ ಭಾನುವಾರ ಅವನು ಗಿಟಾರ್ ಹೆಗಲಿಗೆ ಹಾಕ್ಕೊಂಡು ಬಸ್ಸಲ್ಲಿ ಬೇತಮಂಗಲಕ್ಕೆ ಬರೋನು. ಅಮ್ಮ ತೆಲುಗಲ್ಲಿ ಮಾತಾಡಿಸೋರು, ಅವನು ತಮಿಳಲ್ಲಿ ಉತ್ತರ ಕೊಡೋನು, ಇಬ್ಬರಿಗೂ ಅರ್ಥ ಆಗೋದು. ಊಟ ಮಾಡಿ ಕೆರೆ ಕಟ್ಟೆ ಮೇಲೆ ಹೋಗಿ ಕೂರ್ತಿದ್ವಿ. ಆ ವರ್ಷ ಕೆರೆಯಲ್ಲಿ ನೀರಿಗಿಂತ ಜಾಲಿ ಗಿಡವೇ ಜಾಸ್ತಿ.

ಕನ್ನಡ ಅವನಿಗೆ ಮಾತಾಡೋಕೆ ಬರ್ತಿತ್ತು, ಓದೋಕೆ ಬರ್ತಿರಲಿಲ್ಲ. ಮೊದಲು ಸಾಹಿತ್ಯಾನ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆ. ಅದರಲ್ಲಿ ಲ-ಳ ಒಂದೇ, ನ-ಣ ಒಂದೇ, ದೀರ್ಘ ಯಾವುದು ಹ್ರಸ್ವ ಯಾವುದು ಗೊತ್ತಾಗಲ್ಲ. ಹಾಡಿದರೆ ಬೆಂಗಳೂರು ಎಫ್‌ಎಂ ಆರ್‌ಜೆ ಥರ ಕೇಳ್ತಿತ್ತು. ಆಮೇಲೆ ಅವನೇ, “ತಮಿಳಲ್ಲಿ ಬರ್ಕೋತೀನಿ, ನೀನು ಹೇಳು” ಅಂದ. ತಮಿಳಲ್ಲಿ ಳ ಇದೆ, ಣ ಇದೆ, ದೀರ್ಘ ಇದೆ. ಅದೆಲ್ಲ ಚೆನ್ನಾಗಿ ಬಂತು. ಆದರೆ ಬೇರೆ ತೊಂದರೆ. ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ತ-ದ ಎರಡಕ್ಕೂ ಒಂದೇ, ಪ-ಬ ಎರಡಕ್ಕೂ ಒಂದೇ. ಪದದ ಮೊದಲಲ್ಲಿ ಆ ಅಕ್ಷರ ಕಂಡರೆ ಅವನ ಬಾಯಿ ತಾನಾಗೇ ಕ, ತ, ಪ ಅನ್ನುತ್ತೆ. ತಮಾಷೆಗೆ ಅಂತ ‘ಬಾಳು’ ಅಂತ ಬರೆಸಿದೆ, ‘ಪಾಳು’ ಅಂತ ಓದಿದ :-) ಕೊನೆಗೆ ಒಂದು ಉಪಾಯ ಮಾಡಿದ್ವಿ. ಎಲ್ಲಿ ಗ, ದ, ಬ ಬರಬೇಕೋ ಅಲ್ಲಿ ಅಕ್ಷರದ ಕೆಳಗೆ ಕೆಂಪು ಪೆನ್ನಲ್ಲಿ ಒಂದು ಚುಕ್ಕೆ. ಅವನು ಹಾಡೋದು, ನಾನು ಕೇಳೋದು, ತಪ್ಪಿದಲ್ಲಿ ಚುಕ್ಕೆ ಇಡೋದು. ಎರಡು ಭಾನುವಾರಕ್ಕೆ ಹಾಳೆ ತುಂಬಾ ಕೆಂಪು ಚುಕ್ಕೆ.

ಅರ್ಥವೂ ಕೇಳ್ತಿದ್ದ. “ಯಾರು ಯಾರನ್ನ ಕೇಳ್ತಿರೋದು ಮಚ್ಚಾ? ಅವಳು ಬಿಟ್ಟು ಹೋಗಿದ್ದಾಳಾ, ಇಲ್ಲ ಇನ್ನೂ ಸಿಕ್ಕೇ ಇಲ್ವಾ?” ಅಂತ. ಒಳ್ಳೆ ಪ್ರಶ್ನೆ. ನನಗೆ ಗೊತ್ತಿರೋ ಅರ್ಧಂಬರ್ಧ ತಮಿಳಲ್ಲಿ ವಿವರಿಸ್ತಿದ್ದೆ. ಹೇಳ್ತಾ ಹೇಳ್ತಾ ನನ್ನ ತಲೆಯಲ್ಲಿ ಇದ್ದದ್ದು ಒಬ್ಬಳೇ. ನಮ್ಮ ಕ್ಲಾಸಿನವಳು, ಮಾಲೂರಿಂದ ರೈಲಲ್ಲಿ ಬರೋಳು. ಬಂಗಾರಪೇಟೆಯಲ್ಲಿ ಗಾಡಿ ನಿಂತಾಗ ಬ್ಯಾಗಿಂದ ಕನ್ನಡ ಕಾದಂಬರಿ ತೆಗೆದು ಓದ್ತಾ ಕೂರೋಳು. ಅವಳ ಹತ್ತಿರ ಪುಸ್ತಕ ಇಸ್ಕೊಂಡು ಓದಿ ಓದಿಯೇ ನನಗೆ ಬರೆಯೋ ಚಟ ಹತ್ತಿದ್ದು. ಎರಡು ವರ್ಷದಿಂದ ಪುಸ್ತಕ ಇಸ್ಕೊಳ್ಳೋದು, ವಾಪಸ್ಸು ಕೊಡೋದು. ಅಷ್ಟೇ. ಒಂದು ಮಾತು ಆಡಿರಲಿಲ್ಲ.

ಮೂರನೇ ಭಾನುವಾರ, ಕೆರೆ ಕಟ್ಟೆ ಮೇಲೆ, ಇನ್ನೇನು ಮುಗೀತು ಅನ್ನುವಾಗ ಅವನೇ ಹೇಳಿದ. ಯಾರಿಗೋಸ್ಕರ ಈ ಹಾಡು ಅಂತ. ಹೆಸರು ಹೇಳಿದ.

ನಾನು “ಓ” ಅಂದೆ. ಆಮೇಲೆ “ಒಳ್ಳೇ ಹುಡುಗಿ ಕಣೋ” ಅಂದೆ. ಅವನು ಗಿಟಾರ್ ಶ್ರುತಿ ಮಾಡ್ತಾ ಇದ್ದ, ನನ್ನ ಮುಖ ನೋಡಲಿಲ್ಲ. “ಕೊನೇ ಸಲ ಪೂರ್ತಿ ಹಾಡ್ತೀನಿ, ತಪ್ಪಿದ್ರೆ ಹೇಳು” ಅಂದ.

ಹಾಡಿದ. ಚೆನ್ನಾಗಿ ಹಾಡಿದ. ಒಂದೇ ಒಂದು ಕಡೆ ತಪ್ಪಿದ. ಒಂದು ಪದದ ಮೊದಲಲ್ಲಿ ‘ಬ’ ಇರಬೇಕಾದ ಕಡೆ ‘ಪ’ ಅಂದ. ಅಲ್ಲಿ ಚುಕ್ಕೆ ಇಡೋದು ಬಿಟ್ಟುಹೋಗಿತ್ತು. ಯಾವ ಪದ ಅಂತ ನಿಮಗೆ ಹೇಳಲ್ಲ, ಹೇಳಿದರೆ ಇನ್ನು ಮುಂದೆ ಹಾಡು ಕೇಳಿದಾಗಲೆಲ್ಲ ನಿಮಗೂ ಅದೇ ಕೇಳಿಸುತ್ತೆ. ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು. ಅವನು ಹಾಡು ಮುಗಿಸಿ, “ಏನಾದ್ರೂ ಇದ್ಯಾ?” ಅಂದ.

“ಏನಿಲ್ಲ, ಸೂಪರ್” ಅಂದೆ.

ಸ್ನೇಹಿತರೇ, ಇದನ್ನ ಬೇರೆ ಥರ ಬರೆಯಬಹುದಿತ್ತು. ಮರೆತೆ ಅನ್ನಬಹುದಿತ್ತು. ಮರೆತಿರಲಿಲ್ಲ. ಅವಳು ಕನ್ನಡದ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅಂತ ನನಗೆ ಗೊತ್ತಿತ್ತು. ಸೆಮಿನಾರಿನಲ್ಲಿ ಯಾರಾದರೂ ಹಕಾರ ಬಿಟ್ಟರೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ದಳು. ಅವಳು ನಗಲಿ ಅಂತಲೇ ಬಿಟ್ಟೆ. ರಾತ್ರಿ ಫೋನ್ ಮಾಡಿ ಹೇಳೋಣ ಅಂತ ಎರಡು ಸಲ ಅನ್ನಿಸ್ತು, ಮಾಡಲಿಲ್ಲ.

ಕಾಲೇಜ್ ಡೇ ಸಂಜೆ. ಒಂದೇ ಗಿಟಾರ್, ಒಂದೇ ಮೈಕು. ಈ ಹಾಡು ಮೆಲ್ಲಗೆ ಶುರುವಾಗಿ ಹೋಗ್ತಾ ಹೋಗ್ತಾ ಮೇಲಕ್ಕೇರುತ್ತೆ, ಮೇಲಕ್ಕೆ ಹೋದಾಗ ಗಂಟಲು ಒಡೆಯೋದು ತಪ್ಪಲ್ಲ. ಅವನದ್ದೂ ಒಡೀತು. ಒಡೆದದ್ದೇ ಚೆನ್ನಾಗಿತ್ತು. ಆಮೇಲೆ ಆ ಪದ ಬಂತು, ‘ಪ’ ಅಂದ. ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ಎಲ್ಲರೂ ಮೊಬೈಲ್ ಟಾರ್ಚ್ ಹಿಡಿದು ಕೈ ಆಡಿಸ್ತಿದ್ರು. ನಾನು ನೋಡ್ತಿದ್ದದ್ದು ಮುಂದಿನ ಸಾಲನ್ನ. ಅವಳು ಥಟ್ಟನೆ ತಲೆ ಎತ್ತಿದಳು. ನಕ್ಕಳು. ನಾನು ಅಂದುಕೊಂಡ ನಗು ಅದಾಗಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವಳೇ ಅವನ ಹತ್ತಿರ ಹೋಗಿ, “ಕನ್ನಡ ಇಷ್ಟು ಚೆನ್ನಾಗಿ ಯಾರು ಹೇಳ್ಕೊಟ್ಟಿದ್ದು? ಒಂದೇ ಒಂದು ತಪ್ಪು” ಅಂದಳು. ಅವನು ನನ್ನ ಕಡೆ ಕೈ ತೋರಿಸಿದ. ಅವಳು ನನ್ನನ್ನ ನೋಡಿ, “ಗುರುಗಳು ಪರವಾಗಿಲ್ಲ” ಅಂದಳು. ಆ ಹಾಡಿಂದ ನನಗೆ ಸಿಕ್ಕಿದ್ದು ಇಷ್ಟು.

ಆ ತಪ್ಪು ಪದವೇ ಅವರಿಬ್ಬರ ನಡುವೆ ಮೊದಲ ಮಾತಾಯ್ತು. ಅವನನ್ನ ರೇಗಿಸೋಕೆ ಅವಳು ಅದನ್ನೇ ಹೇಳ್ತಿದ್ದಳು. ಮೆಸೇಜಿನ ಕೊನೆಗೆ ಅದನ್ನೇ ಬರೀತಿದ್ದಳಂತೆ. ನಾನು ಅವನ ಕಾಲಿಗೆ ಅಡ್ಡ ಇಟ್ಟ ಕಲ್ಲು ಅವನಿಗೆ ಮೆಟ್ಟಿಲಾಯ್ತು. ಸರಿಯಾಗಿ ಕಲಿಸಿದ್ದಿದ್ದರೆ ಅವಳು ಚಪ್ಪಾಳೆ ತಟ್ಟಿ ಸುಮ್ಮನಾಗ್ತಿದ್ದಳೋ ಏನೋ, ಯಾರಿಗೆ ಗೊತ್ತು?

2018ರಲ್ಲಿ ನಮ್ಮಿಬ್ಬರಿಗೂ ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ತು. ಮಾರಿಕುಪ್ಪಂನಿಂದ ಹೊರಡೋ ರೈಲಿಗೆ ಅವನು ಚಾಂಪಿಯನ್‌ನಲ್ಲಿ ಹತ್ತೋನು, ನಾನು ಬೆಳಗಿನ ಮೊದಲ ಬಸ್ಸು ಹಿಡಿದು ಬಂಗಾರಪೇಟೆಗೆ ಬಂದು ಹತ್ತುತ್ತಿದ್ದೆ. ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಉಳಿದಿರೋದೇ ಈ ರೈಲಿನಿಂದ. ಚಿನ್ನ ತೆಗೆಯೋಕೆ ಕೆಳಗಿಳಿದವರ ಮಕ್ಕಳು ಸಾವಿರಗಟ್ಟಲೆ ಜನ ದಿನಾ ಇದರಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋಗಿ ಬರ್ತಾರೆ. ಆ ವರ್ಷದ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಆಫೀಸಲ್ಲಿ ಎಲ್ಲರೂ ನಮ್ಮನ್ನ ರಾಕಿ ಭಾಯ್ ಅನ್ನೋರು. ರಾಕಿ ಭಾಯ್‌ಗೆ ಸೀಟು ಸಿಗ್ತಿರಲಿಲ್ಲ ಅಷ್ಟೇ.

ಮಂಜಿನ ತಿಂಗಳಲ್ಲಿ ಬೆಳಗ್ಗೆ ಕಿಟಕಿ ಆಚೆ ಟೇಕಲ್ ಬಂಡೆಗಳು ಕಾಣ್ತಿರಲಿಲ್ಲ. ಬಾಗಿಲ ಹತ್ತಿರ ನಿಂತು ಒಂದು ಇಯರ್‌ಫೋನನ್ನ ಇಬ್ಬರೂ ಹಂಚಿಕೊಂಡು ಹಾಡು ಕೇಳ್ತಿದ್ವಿ, ಅವನ ಕಿವಿಗೆ ಎಡಗಡೆಯದು, ನನಗೆ ಬಲಗಡೆಯದು. ಮಾಲೂರಲ್ಲಿ ಅವಳು ಹತ್ತುತ್ತಿದ್ದಳು. ಆಗ ನನ್ನ ಕಿವೀದು ಬಿಚ್ಚಿ ಅವಳಿಗೆ ಕೊಡ್ತಿದ್ದೆ. ಇದನ್ನ ಕರುಣೆ ತೋರಿಸಲಿ ಅಂತ ಬರೀತಿಲ್ಲ. ಮೊದಲ ವರ್ಷ ಕಷ್ಟ ಆಯ್ತು, ಆಮೇಲೆ ಅಭ್ಯಾಸ ಆಯ್ತು, ಆಮೇಲೆ ನಿಜವಾಗಲೂ ಏನೂ ಅನ್ನಿಸಲಿಲ್ಲ. ಹಾಗೇ ಉಳಿದದ್ದು ಆ ಚುಕ್ಕೆ ಒಂದೇ.

ಅವರ ಮದುವೆ ಸುಲಭಕ್ಕೆ ಆಗಲಿಲ್ಲ. ಭಾಷೆ ಬೇರೆ, ಧರ್ಮ ಬೇರೆ. ಎರಡು ವರ್ಷ ಎರಡೂ ಮನೆಯಲ್ಲಿ ಮಾತು ನಿಂತುಹೋಗಿತ್ತು. ಕೊನೆಗೆ ಅವಳ ಅಪ್ಪನ ಹತ್ತಿರ ಮಾತಾಡೋಕೆ ಅವನ ಜೊತೆ ಮಾಲೂರಿಗೆ ಹೋದವನು ನಾನು. “ನೀನು ಚೆನ್ನಾಗಿ ಕನ್ನಡ ಮಾತಾಡ್ತೀಯಾ ಮಚ್ಚಾ, ನೀನೇ ಹೇಳು” ಅಂದ. ಅವರ ಮನೆ ಜಗಲಿ ಮೇಲೆ ಕೂತು ಒಂದು ಗಂಟೆ ಮಾತಾಡಿದೆ. ಹುಡುಗ ಹೇಗೆ, ಮನೆಯವರು ಹೇಗೆ, ಇವನ ಅಪ್ಪ ರೈಲಲ್ಲಿ ಓಡಾಡಿ ಹೇಗೆ ಓದಿಸಿದರು, ಎಲ್ಲ. ಈ ಸಲ ಒಂದು ಅಕ್ಷರವನ್ನೂ ಬಿಡಲಿಲ್ಲ. ಅವರು ಆ ದಿನ ಏನೂ ಹೇಳಲಿಲ್ಲ. ಕಾಫಿ ಕೊಟ್ಟರು. ನಾಲ್ಕು ತಿಂಗಳ ಮೇಲೆ ಒಪ್ಪಿದರು.

2023ರಲ್ಲಿ ಮದುವೆ ಆಯ್ತು. ಆರತಕ್ಷತೆ ಬಂಗಾರಪೇಟೆಯಲ್ಲಿ. ಆರ್ಕೆಸ್ಟ್ರಾದವರಿಂದ ಗಿಟಾರ್ ಇಸ್ಕೊಂಡು ಮದುಮಗನೇ ಹಾಡೋಕೆ ನಿಂತ. ಯಾವ ಹಾಡು ಅಂತ ಹೇಳೋದು ಬೇಡ ತಾನೇ? ಹಾಲಿನಲ್ಲಿದ್ದ ಅರ್ಧ ಜನ ತಮಿಳು, ಕಾಲುಭಾಗ ತೆಲುಗು, ಎಲ್ಲರಿಗೂ ಹಾಡು ಬರ್ತಿತ್ತು, ಎಲ್ಲರೂ ಜೊತೆಗೆ ಹಾಡಿದರು. ಆ ಪದ ಬಂದಾಗ ಇಡೀ ಹಾಲು ‘ಬ’ ಅಂತು, ಅವನೊಬ್ಬ ‘ಪ’ ಅಂದ. ಈಗ ಅದು ತಪ್ಪು ಅಂತ ಅವನಿಗೂ ಗೊತ್ತು, ಬೇಕಂತಲೇ ಹಾಡಿದ. ಪಕ್ಕದಲ್ಲಿ ನಿಂತಿದ್ದ ಅವಳೂ ಅವನ ಜೊತೆ ‘ಪ’ ಅಂದಳು. ಕನ್ನಡದಲ್ಲಿ ಹಕಾರ ಬಿಟ್ಟರೆ ನಗ್ತಿದ್ದ ಹುಡುಗಿ.

ನಾನು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಕಣ್ಣು ಒದ್ದೆಯಾಗಿದ್ದು ನಿಜ. ಪಕ್ಕದವರು ನೋಡಿದಾಗ ಉಪ್ಪಿನಕಾಯಿ ಖಾರ ಅಂದೆ.

ನಮ್ಮ ಆಫೀಸಿನ ಆ ಹುಡುಗ ಹಾಡಿದ ದಿನದಿಂದ ಇದನ್ನೇ ಯೋಚನೆ ಮಾಡ್ತಿದ್ದೀನಿ. ಒಂದು ಹಾಡು ಹದಿನೈದು ವರ್ಷ ಹೇಗೆ ಉಳಿಯುತ್ತೆ? ರಾಗ ಚೆನ್ನಾಗಿದೆ, ದನಿ ಚೆನ್ನಾಗಿದೆ, ಸರಿ. ಹಾಗಿರೋ ಎಷ್ಟೋ ಹಾಡು ಮರೆತುಹೋಗಿವೆ. ಗಿಟಾರ್ ಹಿಡಿದ ಯಾವ ಹುಡುಗನಾದರೂ ನಾಲ್ಕು ಮೆಟ್ಟು ಕಲಿತು ಹಾಡಬಹುದು, ದೊಡ್ಡ ವಾದ್ಯಗೋಷ್ಠಿ ಬೇಕಿಲ್ಲ. ಅದೂ ಒಂದು ಕಾರಣ. ಇನ್ನೊಂದು ಕಾರಣ, ಅವನು ಕೆರೆ ಕಟ್ಟೆ ಮೇಲೆ ಕೇಳಿದ ಪ್ರಶ್ನೆಯಲ್ಲೇ ಇದೆ ಅನ್ಸುತ್ತೆ. ಬಿಟ್ಟು ಹೋಗಿದ್ದಾಳಾ, ಇನ್ನೂ ಸಿಕ್ಕಿಲ್ವಾ? ಅದು ಆ ಹಾಡಿನಿಂದ ನಮಗೆ ಗೊತ್ತಾಗಲಿಲ್ಲ. ಸಿಕ್ಕವರಿಗೂ ಆಗುತ್ತೆ, ಸಿಗದವರಿಗೂ ಆಗುತ್ತೆ. ಒಂದೇ ಹಾಡನ್ನ ಅವನು ಅವಳಿಗೆ ಹಾಡಿದ, ಪಕ್ಕದಲ್ಲಿ ಕೂತು ನಾನೂ ಅವಳಿಗೇ ಹಾಡಿಸ್ತಿದ್ದೆ. ಹಾಡು ಇಬ್ಬರಿಗೂ ಇಲ್ಲ ಅನ್ನಲಿಲ್ಲ. ‘ಐರಿಸ್’ ಕೂಡ ಹಾಗೇ ತಾನೇ, ದೇವದೂತನಿಗೆ ಅಂತ ಬರೆದದ್ದನ್ನ ಚಾಂಪಿಯನ್ ರೀಫ್ಸ್‌ನ ತಗಡಿನ ಮನೆಯಲ್ಲಿ ಒಬ್ಬ ಹುಡುಗ ತನ್ನದು ಅಂದುಕೊಂಡು ಹಾಡ್ತಿದ್ದ.

ಮತ್ತೆ ಜನ ಹಾಡಿ ಹಾಡಿ ಅದಕ್ಕೆ ತಮ್ಮ ತಪ್ಪನ್ನೂ ಸೇರಿಸ್ತಾರೆ. ನನಗೆ ಈಗ ಒರಿಜಿನಲ್ ಕೇಳಿದರೆ ರಘು ದೀಕ್ಷಿತರೇ ಒಂದು ಕಡೆ ತಪ್ಪಾಗಿ ಹಾಡಿದ್ದಾರೆ ಅನ್ನಿಸುತ್ತೆ :-)

ಆರು ವರ್ಷ ಇದನ್ನ ಹೇಳಬೇಕು ಅಂದುಕೊಂಡು ಸುಮ್ಮನಿದ್ದೆ, ಮದುವೆ ಆದ ಮೇಲೆ ಇನ್ನೆರಡು ವರ್ಷ ಸುಮ್ಮನಿದ್ದೆ. ಅವನಿಗೆ ಈಗಲೂ ಕನ್ನಡ ಓದೋಕೆ ಬರಲ್ಲ, ಅದೇ ಧೈರ್ಯದ ಮೇಲೆ ಇಲ್ಲಿ ಬರೀತಾ ಕೂತೆ. ಅರ್ಧ ಬರೆದ ಮೇಲೆ ನೆನಪಾಯ್ತು, ಮನೆಯಲ್ಲಿ ಓದೋಕೆ ಬರೋರು ಒಬ್ಬರಿದ್ದಾರೆ. ನನ್ನ ಬರಹ ಒಂದೂ ಬಿಡದೆ ಓದೋಳು, ಕಾಗುಣಿತ ತಪ್ಪಿದರೆ ಮೆಸೇಜು ಹಾಕೋಳು. ಅಳಿಸಿಬಿಡೋಣ ಅಂದುಕೊಂಡೆ. ರಾತ್ರಿ ಹನ್ನೊಂದರಿಂದ ಈಗ ಒಂದೂವರೆ, ಹೀಗೇ ಕೂತಿದ್ದೀನಿ.

ಮೊನ್ನೆ ಊರಿಗೆ ಹೋಗಿದ್ದಾಗ ಕೆರೆ ಕಟ್ಟೆ ಮೇಲೆ ಹೋಗಿ ಬಂದೆ. ನಾವು ಕೂರ್ತಿದ್ದ ಜಾಗದಲ್ಲಿ ನಾಲ್ಕು ಹುಡುಗರು ಮೊಬೈಲಿನಲ್ಲಿ ಯಾವುದೋ ಹಾಡು ಹಾಕಿಕೊಂಡು ಕೂತಿದ್ದರು. ಹೊಸ ಹಾಡು, ನನಗೆ ಗೊತ್ತಿಲ್ಲದ್ದು. ಹತ್ತು ನಿಮಿಷ ನಿಂತಿದ್ದೆ. ನನ್ನ ಹಾಡು ಬರಬಹುದು ಅಂತ.

ಸರಿ, ಪಬ್ಲಿಷ್ ಒತ್ತುತ್ತಿದ್ದೀನಿ. ಅವಳು ಓದ್ತಾಳೆ, ಅವನಿಗೆ ಹೇಳ್ತಾಳೆ. ಬೈದರೆ ಬೈಸಿಕೊಳ್ತೀನಿ.

ಮಗಾ, ಆವತ್ತು ನೀನು ಕೇಳಿದ್ದಕ್ಕೆ ಇದು ಉತ್ತರ. ಒಂದು ತಪ್ಪಿತ್ತು ಕಣೋ. ಅದು ‘ಪ’ ಅಲ್ಲ, ‘ಬ’. ನಾನು ಕೇಳಿಸ್ಕೊಂಡಿದ್ದೆ.